ಗೋವಾದ ದಾರಿಯ ಹೋಟೆಲಿನ ಆಪಾ

ಆಪಾ ಅವರ ಕುತ್ತಿಗೆ ಸದಾ ಎಡಕ್ಕೆ ವಾಲಿರುತ್ತಿತ್ತು. ಟೆಲಿಫೋನಿನ ರಿಸೀವರನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಒಂದು ಕೈಯಲ್ಲಿ ಬರೆಯುತ್ತ, ಇನ್ನೊಂದು ಕೈಯಲ್ಲಿ ರೂಮಿನ ಕೀಲಿ ಕೊಡುತ್ತ ಎಷ್ಟೋ ವರ್ಷ ಕಳೆದಿದ್ದರಿಂದ, ಫೋನು ಇಲ್ಲದಾಗಲೂ ತಲೆ ಆ ಕಡೆಗೇ ಬಾಗುತ್ತಿತ್ತು. ತಮ್ಮ ಮಾತನ್ನು ಈಕೆ ಬಹಳ ಅಕ್ಕರೆಯಿಂದ ಕೇಳುತ್ತಿದ್ದಾರೆ ಎಂದು ಹೊಸಬರಿಗೆ ಅನ್ನಿಸುತ್ತಿತ್ತು. ಕೇಳುತ್ತಲೂ ಇದ್ದರು.

ಎಪ್ಪತ್ತರ ದಶಕದ ಕೊನೆಯಲ್ಲಿ, ಬೆಳಗಾವಿ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ದೂರದ ಆಪಾ ಇದ್ದ ಹೋಟೆಲಿನ ಕೌಂಟರಿಗೆ ನಾನು ಕೆಲಸಕ್ಕೆ ಸೇರಿದೆ. ಪಿಯುಸಿ ಮುಗಿಸಿದ್ದೆ. ಖಾನಾಪುರದಿಂದ ಬೆಳಗಿನ ರೈಲಿಗೆ ಬಂದು ಸಂಜೆಯ ರೈಲಿಗೆ ಮರಳುತ್ತಿದ್ದೆ. ಹೋಟೆಲಿನಲ್ಲಿ ನೌಕರಿ ಮಾಡುವ ಹುಡುಗಿಯ ಬಗ್ಗೆ ನಮ್ಮ ಓಣಿಯವರು ಏನೇನು ಆಡಿಕೊಂಡರೋ ಹೇಳುವುದು ಬೇಡ. ಕಣ್ಣಾರೆ ನೋಡಿ ಹೋಗಲೆಂದು ಅಪ್ಪ ಒಂದು ದಿನ ಬಂದರು. ಆಪಾ ಚಹಾ ತರಿಸಿ, "ಕಾಕಾ, ನಿಮ್ಮ ಮಗಳು ನನ್ನ ಬಾಜೂಕ ಇರತಾಳ. ನಾ ಇರೂತನಕಾ ಕಾಳಜಿ ಬಿಡ್ರಿ" ಅಂದರು. ಅಪ್ಪ ಮತ್ತೆ ಬರಲಿಲ್ಲ.

ಆಪಾ, ಅಂದರೆ ಅಕ್ಕ, ಎಂದೇ ಎಲ್ಲರೂ ಕರೆಯುತ್ತಿದ್ದ ಅವರು ದಂಡಿನ ಕ್ಯಾಂಪಿನ ಕಡೆಯವರು. ಗಂಡ ಟೇಲರ್. ಮನೆಯಲ್ಲಿ ದಖನಿ ಉರ್ದು ಆಡುತ್ತಿದ್ದವರು ಕೌಂಟರಿನಲ್ಲಿ ಕನ್ನಡ, ಮರಾಠಿ, ಇಂಗ್ಲಿಷುಗಳನ್ನು ತಡೆಯಿಲ್ಲದೆ ಆಡುತ್ತಿದ್ದರು. ಅವರಿಗಿದ್ದದ್ದು ಒಂದೇ ಸಂಕಟ. ಗೋವಾಕ್ಕೆ ಹೋಗುವವರು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದರು. ಬೆಂಗಳೂರಿನವರು, ಹೈದರಾಬಾದಿನವರು, ಬೆನ್ನಿಗೆ ದೊಡ್ಡ ಚೀಲ ಕಟ್ಟಿಕೊಂಡ ವಿದೇಶಿಯರು ನಮ್ಮಲ್ಲಿ ಇಳಿದು, ಸ್ನಾನ ಮಾಡಿ, ತಿಂಡಿ ತಿಂದು, ಘಟ್ಟ ಇಳಿಯುವ ಬಸ್ಸು ಹತ್ತುತ್ತಿದ್ದರು. ಈ ಊರಲ್ಲಿ ನೋಡುವಂಥದ್ದು ಏನಿದೆ ಎಂದು ಯಾರಾದರೂ ಕೇಳಿದರೆ ಮಾಲಕರು ಒಳಗಿನಿಂದಲೇ, "ಏನಿಲ್ಲರೀ, ಗೋವಾಕ್ಕ ಹೋಗ್ರಿ" ಎಂದು ಕೂಗುತ್ತಿದ್ದರು.

ಆಪಾ ಹಲ್ಲು ಕಚ್ಚುತ್ತಿದ್ದರು. "ನಮ್ಮ ಊರನ್ನ ಗೋವಾದ ಬಚ್ಚಲಾ ಮಾಡಿಟ್ಟಾರ ನೋಡವಾ. ಮಾರಿ ತೊಳಕೊಂಡು ಹೋಗಾಕ ಅಷ್ಟ!"

ಖಾನಾಪುರದ ಆಚೆ ಹಲಸಿಯಲ್ಲಿ ಬಹಳ ಹಳೆಯ ಗುಡಿಗಳಿವೆ ಎಂದು ಮಾತಿನ ನಡುವೆ ಹೇಳಿದವಳು ನಾನು. ಮುಂದಿನ ರಜೆಯ ದಿನವೇ ಆಪಾ ನನ್ನನ್ನು ಹೊರಡಿಸಿದರು. ಗುಡಿ ನೋಡಿದರು; ಕಲ್ಲಿನ ತಂಪಿನಲ್ಲಿ ಸುಮ್ಮನೆ ಕುಳಿತರು. ಆಮೇಲೆ ಸಮೀಪದ ಮನೆಯೊಂದರ ಹಿರಿಯಾಕೆಯನ್ನು ಮಾವಶಿ ಎಂದು ಕರೆದು ಮಾತಿಗೆಳೆದು, ಪ್ರವಾಸಿಗರು ಬಂದರೆ ಅಡುಗೆ ಮಾಡಿಕೊಡುತ್ತೀರಾ ಎಂದು ಕೇಳಿದರು. ಮಾವಶಿ ಗಂಡನನ್ನು ಕಳೆದುಕೊಂಡಾಕೆ, ಅರ್ಧ ಮರಾಠಿ ಅರ್ಧ ಕನ್ನಡದ ಮಾತು. "ನಮ್ಮ ಭಕ್ರಿ ಪ್ಯಾಟಿ ಮಂದಿ ತಿಂತಾರೇನ್ರಿ?" ಅಂದರು. "ಮೊದಲ ನನಗ ಹಾಕ್ರಿ, ತಿಂದ ಹೇಳತೇನಿ" ಅಂದರು ಆಪಾ. ಇವರು ಯಾರು, ಯಾವ ಜಾತಿ ಎಂಬುದು ಮಾವಶಿಗೆ ಹೆಸರು ಕೇಳಿದಾಗಲೇ ತಿಳಿದಿತ್ತು. ಕ್ಷಣ ಹೊತ್ತು ಹೊಸ್ತಿಲಲ್ಲಿ ನಿಂತು, "ಒಳಗ ಬರ್ರಿ, ಅಲ್ಲಿ ಬಿಸಲೈತಿ" ಎಂದು ಕರೆದರು.

ಮಾಲಕರನ್ನು ಒಪ್ಪಿಸಲು ಎರಡು ಮಳೆಗಾಲ ಹಿಡಿಯಿತು. ಗುಡಿ, ಕೋಟೆ ಎಂದರೆ ಅವರು ಆಕಳಿಸುತ್ತಿದ್ದರು. "ಒಂದ ರಾತ್ರಿ ಇರೂ ಮಂದಿ ಎರಡ ರಾತ್ರಿ ಇರತಾರ್ರಿ" ಎಂದು ಆಪಾ ಅಂದ ದಿನ ಕಣ್ಣು ಬಿಟ್ಟರು. ಹೀಗೆ ಭಾನುವಾರದ ವ್ಯಾನು ಶುರುವಾಯಿತು. ಮುಂಜಾನೆ ಬೆಳಗಾವಿಯ ಕೋಟೆ, ಅದರೊಳಗಿನ ಬಸದಿ, ಮಸೀದಿ. ಮಧ್ಯಾಹ್ನ ಹಲಸಿಯ ಗುಡಿ, ಮಾವಶಿಯ ಮನೆಯಲ್ಲಿ ಅಕ್ಕಿಯ ಭಕ್ರಿ, ಬದನೆಕಾಯಿ ಪಲ್ಯ. ಆಪಾ ಡ್ರೈವರನ ಪಕ್ಕ ಕುಳಿತು, ಹಿಂದಕ್ಕೆ ತಿರುಗಿ ದಾರಿಯುದ್ದಕ್ಕೂ ಮಾತಾಡುತ್ತಿದ್ದರು. ಆ ಚಳಿಗಾಲ ಅವರ ನಡಿಗೆಯೇ ಬೇರೆಯಾಗಿತ್ತು. ಗೋವಾಕ್ಕೆ ಹೊರಟಿದ್ದ ಜರ್ಮನ್ ದಂಪತಿ ಟಿಕೆಟ್ಟು ರದ್ದು ಮಾಡಿಸಿ ವಾರವಿಡೀ ನಮ್ಮಲ್ಲೇ ಉಳಿದಾಗ ಆಪಾ ಅಡುಗೆಮನೆಯವರಿಗೆಲ್ಲ ಸಿಹಿಯ ಕುಂದಾ ಹಂಚಿದರು.

ರೂಮುಗಳು ತುಂಬತೊಡಗಿದವು. ತುಂಬಿದ್ದೇ ತಪ್ಪಾಯಿತು. ಮಾಲಕರ ಅಕ್ಕನ ಮಗ ಪುಣೆಯಿಂದ ಬಂದಿಳಿದ. ಅವನಿಗೆ ಟೂರಿಸ್ಟ್ ಮ್ಯಾನೇಜರ್ ಎಂಬ ಹುದ್ದೆ, ಬೇರೆ ಕೋಣೆ. ಅವನಿಗೆ ಕೆಲಸ ಕಲಿಸುವ ಹೊಣೆ ಆಪಾ ಅವರದು. ಕಲಿಸಿದರು ಕೂಡ. ಒಂದು ಭಾನುವಾರ ವ್ಯಾನು ಬಾಗಿಲಿಗೆ ಬಂದು ನಿಂತಾಗ ಅವನು, "ಇವತ್ತ ಗಾಡಿ ಗೋವಾಕ್ಕ ಹೋಗತೈತಿ. ಮಂದಿಗೆ ಗುಡಿ ಬ್ಯಾಡ, ಬಾಟ್ಲಿ ಬೇಕು. ನೀವು ಕೌಂಟರ್ ನೋಡಕೋರಿ" ಅಂದ. ಹಲಸಿಗೆ ಸುದ್ದಿ ಮುಟ್ಟಿಸಲು ಆಪಾ ಒದ್ದಾಡಿದರು. ಮಾವಶಿಯ ಓಣಿಯಲ್ಲಿ ಫೋನೆಲ್ಲಿತ್ತು?

ಸಂಜೆಯ ಹೊತ್ತಿಗೆ ಮಾವಶಿಯೇ ಹೋಟೆಲಿನ ಬಾಗಿಲಲ್ಲಿದ್ದರು. ಎರಡು ಬಸ್ಸು ಬದಲಿಸಿ, ತಲೆಯ ಮೇಲೆ ಬುಟ್ಟಿ ಹೊತ್ತು ಬಂದಿದ್ದರು. "ಹಾದಿ ನೋಡಿ ನೋಡಿ ಸಾಕಾತ್ರಿ. ಗಾಡಿ ಎಲ್ಲೆರ ಕೆಟ್ಟ ನಿಂತೈತೇನೋ, ಮಂದಿ ಉಪಾಸ ಅದಾರೇನೋ ಅಂತ ಕಟಗೊಂಡ ಬಂದೆ." ಅಕ್ಕನ ಮಗ ಕೋಣೆಯಿಂದ ಇಣುಕಿ, "ಹೊರಗಿನ ಊಟಾ ಇಲ್ಲಿ ನಡಿಯೂದಿಲ್ಲ. ಹಿಂದಿನ ಬಾಗಲಕ ಕಳಸ್ರಿ" ಅಂದ.

ಆಪಾ ಕೌಂಟರಿನಿಂದ ಹೊರಬಂದರು. ಮಾವಶಿಯನ್ನು ಗಿರಾಕಿಗಳ ಸೋಫಾದ ಮೇಲೆ ಕೂರಿಸಿದರು. ಬುಟ್ಟಿ ಬಿಚ್ಚಿ, ರೂಮು ಗುಡಿಸುವವರನ್ನು, ವಾಚ್‌ಮನ್‌ನನ್ನು, ನನ್ನನ್ನು ಕರೆದು ಬಡಿಸಿ, ತಾವೂ ಅಲ್ಲೇ ಕುಳಿತು ಉಂಡರು. ಕೈ ತೊಳೆದು, ವ್ಯಾನಿನ ಮಾತು ಕೇಳಲು ನೇರ ಮಾಲಕರ ಕೋಣೆಗೆ ಹೋದರು. ಬಾಗಿಲು ತೆರೆದೇ ಇತ್ತು.

"ಹೆಣಮಗಳು ವ್ಯಾನಿನ್ಯಾಗ ಗಂಡಸರ ಜೋಡಿ ಅಡ್ಡಾಡೂದು ಛಲೋ ಕಾಣಸೂದಿಲ್ಲ ಆಪಾ" ಎಂದರು ಮಾಲಕರು.

"ಕೌಂಟರಿನ್ಯಾಗ ನಿಂತು ಗಂಡಸರಿಗೆ ರೂಮ್ ಕೊಡೂದು ಛಲೋ ಕಾಣಸ್ತೈತೇನ್ರಿ?"

ಮಾಲಕರು ನಕ್ಕರು. ಅಷ್ಟೇ. ಸಿಟ್ಟಾಗಿದ್ದರೆ ಎಷ್ಟೋ ಚೆನ್ನಾಗಿತ್ತು; ಆ ನಗೆಯನ್ನು ನನಗೆ ಇಂದಿಗೂ ಸಹಿಸಲಾಗದು. ಹಲಸಿಯ ದಾರಿ ಅಂದಿಗೆ ಮುಗಿಯಿತು.

ಕೆಲವು ವರ್ಷಗಳ ಮೇಲೆ ನಮ್ಮ ಹೋಟೆಲಿನ ಹಾಲಿನಲ್ಲೇ ಒಂದು ಸಭೆ ನಡೆಯಿತು. ಪ್ರವಾಸವೂ ಈಗ ಒಂದು ಉದ್ಯಮ, ಅದರಿಂದ ನಾಡು ಉದ್ಧಾರವಾಗುತ್ತದೆ ಎಂದು ದೊಡ್ಡವರು ಭಾಷಣ ಮಾಡಿದರು. ಜಿಲ್ಲೆಯ ಗುಡಿ, ಕೋಟೆಗಳನ್ನು ಜನರಿಗೆ ತೋರಿಸಿದ ತರುಣನೆಂದು ಅಕ್ಕನ ಮಗನಿಗೆ ಹಾರ ಹಾಕಿದರು. ಆಪಾ ಬಾಗಿಲಲ್ಲಿ ನಿಂತು ಪನ್ನೀರು ಚಿಮುಕಿಸುತ್ತಿದ್ದರು. ನನ್ನ ಕಡೆ ಬಾಗಿ, "ಉದ್ಯಮ ಬಂತು ಬೇಟಿ. ಊರು ತೋರಸಾಕ ಯಾರೂ ಉಳೀಲಿಲ್ಲ" ಅಂದರು.

ಅವರು ಕೆಲಸ ಬಿಡಲಿಲ್ಲ. ಬಿಡುವ ಹಾಗಿರಲಿಲ್ಲ; ಗಂಡನ ಕಣ್ಣು ಮಂಜಾಗಿ ಹೊಲಿಗೆ ನಿಂತಿತ್ತು. ಎಂಬತ್ತರ ದಶಕದ ಕೊನೆಗೆ ಅವರಿಗೇ ಮೂತ್ರಪಿಂಡದ ಕಾಯಿಲೆ ಶುರುವಾಯಿತು. ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು ಹೇಳಿದರು: "ಮಾಲಕರು ನಿನ್ನ ಕರೀತಾರ. ಲಗೂನ ಹೂಂ ಅನಬ್ಯಾಡ. ಹುದ್ದೆ ಏನು ಅಂತ ಕೇಳು. ಕೆಲಸಾ ನೋಡಿ ತಾವ ಕೊಡತಾರ ಅನಕೊಂಡ ಕುಂತೆ ನಾ. ಕೊಡೂದಿಲ್ಲ ಬೇಟಿ, ಕೇಳಬೇಕಾಗತೈತಿ."

ಅವರು ತೀರಿಕೊಂಡ ವಾರದಲ್ಲೇ ಮಾಲಕರು ಕರೆದರು. "ನಾಳಿಂದ ಆಪಾನ ಕೆಲಸ ನೀ ನೋಡಕೋ ಅವ್ವಾ."

"ನೋಡಕೋತೇನ್ರಿ. ಮ್ಯಾನೇಜರ್ ಅಂತ ಮಾಡಿದರ ನೋಡಕೋತೇನಿ" ಅಂದೆ. ಅವರು ಆಗಲೂ ನಕ್ಕರು. ನಾನು ಕೀಲಿಗೊಂಚಲು ಮೇಜಿನ ಮೇಲಿಟ್ಟು ಮಧ್ಯಾಹ್ನದ ರೈಲಿಗೆ ಖಾನಾಪುರಕ್ಕೆ ಬಂದುಬಿಟ್ಟೆ.

ಕೆಲವು ದಿನಗಳಲ್ಲಿ ಹೋಟೆಲಿನಿಂದ ಮನೆಗೆ ಆಳು ಬಂದ. ಹೋದರೆ, ಕೌಂಟರಿನ ಹಿಂದೆ ಹೊಸ ಮೇಜು, ಹೊಸ ಖುರ್ಚಿ, ಮೇಜಿನ ಮೇಲೆ ಮ್ಯಾನೇಜರ್ ಎಂದು ನನ್ನ ಹೆಸರಿನ ಫಲಕ. ಸಹೋದ್ಯೋಗಿಗಳು ಪೇಢೆ ಕೇಳಿದರು. ಇಷ್ಟು ಸುಲಭವಾಗಿ ಕೊಡಬಹುದಾದದ್ದನ್ನು ಅಷ್ಟು ವರ್ಷ ಆಪಾ ಅವರಿಗೆ ಕೊಟ್ಟಿರಲಿಲ್ಲ. ಆ ತಿಂಗಳೆಲ್ಲ ಖುರ್ಚಿಯನ್ನು ಗೋಡೆಗೆ ಸರಿಸಿ, ಆಪಾ ನಿಲ್ಲುತ್ತಿದ್ದ ಹಾಗೆ ನಿಂತೇ ಕೆಲಸ ಮಾಡಿದೆ.