ಮರದಿಂದ ಬಿದ್ದವರಿಗೆ ನಾನಾಡಿದ ಮೊದಲ ಮಾತು

“ನಿಮ್ಮನ್ನ ಕರೆಸಿದ್ದು ಕಂಟ್ರಾಕ್ಟರು, ನಾನಲ್ಲ ಕಣ್ರೀ!”

ಯಾದವಗಿರಿಯ ನಮ್ಮ ಮನೆಯಂಗಳದಲ್ಲಿ ಮಾವಿನ ಕೊಂಬೆ ಕಡಿಯುತ್ತಿದ್ದ ಶಿವಣ್ಣ ಕೆಳಗೆ ಬಿದ್ದು ಕಾಲು ಮುರಿದುಕೊಂಡಾಗ, ನನ್ನ ಬಾಯಿಂದ ಮೊದಲು ಬಂದದ್ದು ಈ ಮಾತು. ಕೊಂಬೆ ಕಡಿಸಲು ನಾನು ಗೊತ್ತುಮಾಡಿದ್ದ ಕಂಟ್ರಾಕ್ಟರಿಗೆ ಫೋನ್ ಮಾಡಿದರೆ, ಅವರು ಕೆಲಸವನ್ನು ಹಿನಕಲ್‌ನ ಇನ್ನೊಬ್ಬರಿಗೆ ಒಪ್ಪಿಸಿದ್ದರಂತೆ. ತಮಗೂ ಸಂಬಂಧವಿಲ್ಲ ಎಂದರು.

ಶಿವಣ್ಣ ನೋವು ನುಂಗಿಕೊಂಡು, “ಕೊಂಬೆ ನಿಮ್ ಕಾರ್ ಮ್ಯಾಲೆ ಬೀಳ್ತಿತ್ತು ಸಾ. ಹಗ್ಗ ಹಿಡ್ದು ಈಚೆಗೆ ಎಳ್ದೆ, ಕಾಲು ಜಾರ್ಬುಡ್ತು. ಕಾರಿಗೇನೂ ಆಗಿಲ್ವಲ್ಲ?” ಎಂದರು. ಮರ ಹತ್ತುವ ಮುನ್ನವೇ ಕಾರು ತೆಗೆಯಲು ಹೇಳಿದ್ದರು. ಬಿಸಿಲೆಂದು ನಾನೇ ಅದನ್ನು ನೆರಳಲ್ಲಿ ಬಿಟ್ಟಿದ್ದೆ.

ಅದೇ ಕಾರಿನಲ್ಲಿ ಅವರನ್ನು ಆಸ್ಪತ್ರೆಗೆ ಕರೆದೊಯ್ದೆ. ಅದಕ್ಕೊಂದು ಗೀರೂ ಬಿದ್ದಿರಲಿಲ್ಲ. ಬಿದ್ದಿದ್ದರೂ ವಿಮೆ ಇತ್ತು. ಶಿವಣ್ಣನಿಗೆ ಇದೆಯೇ ಎಂದು ಅವರನ್ನು ಮರ ಹತ್ತಿಸಿದ ನಾವು ಮೂವರೂ ಕೇಳಿರಲಿಲ್ಲ.