ದೊಡ್ಡಪ್ಪನ ತಟ್ಟೆ ಒಳಗೆ ಬಂದದ್ದು

ದೊಡ್ಡಪ್ಪ ಕೆಮ್ಮತೊಡಗಿದ್ದೇ ತಡ, ಶಿಡ್ಲಘಟ್ಟದ ನಮ್ಮ ಬೀದಿಯ ಮಹಾಪಂಡಿತರೆಲ್ಲ ಅದು ಕ್ಷಯವೇ ಎಂದು ತೀರ್ಪು ಕೊಟ್ಟರು. ಅವನ ತಟ್ಟೆ, ಲೋಟ, ಚಾಪೆ ಜಗಲಿಗೆ ಬಿದ್ದವು. ಅವನ ಮಗಳಿಗೆ ಗೊತ್ತು ಮಾಡಿದ್ದ ಗಂಡಿನವರು ಮುಖ ತಿರುಗಿಸಿದರು.

ಕೊನೆಗೆ ಬೆಂಗಳೂರಿನ ಎದೆರೋಗದ ಡಾಕ್ಟರು ಎಕ್ಸ್‌ರೇ ತೆಗೆಸಿ, ಗಂಟಲೊಳಗೆ ಕೊಳವೆ ಇಳಿಸಿ ನೋಡಿ, ಇದು ಕ್ಷಯವಲ್ಲ, ಶ್ವಾಸಕೋಶದ ಕ್ಯಾನ್ಸರ್ ಎಂದರು. ಆ ಕಾಲಕ್ಕೆ ಆ ಹೆಸರನ್ನು ನಮ್ಮ ಬೀದಿಯಲ್ಲಿ ಯಾರೂ ಕೇಳಿರಲಿಲ್ಲ. ಹಾಗಾಗಿ ಯಾರೂ ಹೆದರಲಿಲ್ಲ.

"ಕ್ಷಯ ಅಲ್ವಂತೆ ಕಣ್ರೇ!" ಎಂದು ದೊಡ್ಡಮ್ಮ ಮನೆಮನೆಗೂ ಸಕ್ಕರೆ ಹಂಚಿದಳು. ತಟ್ಟೆ ಒಳಗೆ ಬಂತು, ಗಂಡಿನವರೂ ಹಲ್ಲು ಕಿರಿಯುತ್ತ ಬಂದರು.

ಇದು ವಾಸಿಯಾಗದ ಕಾಯಿಲೆ ಎಂದು ಡಾಕ್ಟರು ದೊಡ್ಡಪ್ಪನೊಬ್ಬನಿಗೇ ಹೇಳಿದ್ದರಂತೆ. ನಮಗದು ತಿಳಿದದ್ದು ಆಮೇಲೆ. ಅವತ್ತು ಅವನು ಸಕ್ಕರೆ ಚಪ್ಪರಿಸುತ್ತ, "ಮದ್ವೆ ಮಾತ್ರ ಬೇಗ ಮುಗಿಸ್ಬಿಡ್ರಪ್ಪ" ಅಂದಿದ್ದ.