ಇಲ್ಲದ ಮೆದೆ

ಕರಗುವ ಅರಗಿನ ವಾಸನೆ ನಿಮಗೆ ಪರಿಚಯವಿದೆಯೋ ಇಲ್ಲವೋ. ಮೊನ್ನೆ ಬೇಗೂರಿನ ಬಸ್ ನಿಲ್ದಾಣದ ಬಳಿ ಅದು ಮೂಗಿಗೆ ಬಡಿದಾಗ ನನ್ನ ಕೈಲಿದ್ದ ಟೀ ಲೋಟ ತುಳುಕಿತು. ಪೊಲೀಸಿನವರು ಯಾರದೋ ಬೈಕಿನಿಂದ ತೆಗೆದ ಮಾಲನ್ನು ಬಟ್ಟೆಯಲ್ಲಿ ಕಟ್ಟಿ, ಗಂಟಿನ ಮೇಲೆ ಅರಗಿನ ಮುದ್ರೆ ಒತ್ತುತ್ತಿದ್ದರು. ಮೊಬೈಲ್ ಹಿಡಿದಿದ್ದ ಪೇದೆ ನನ್ನನ್ನೇ ಕರೆದ.

"ತಾತ, ಬನ್ನಿ, ಪಂಚರಾಗಿ ನಿಂತ್ಕಳಿ. ಎಲ್ಲ ನಿಮ್ಮೆದುರೇ ಆಯ್ತು ಅಂತ ಒಂದ್ಮಾತು ಯೋಳುದ್ರೆ ಸಾಕು."

ಪೊಲೀಸರು ಮಾಲು ವಶಪಡಿಸಿಕೊಳ್ಳುವಾಗ ಪಕ್ಕದಲ್ಲಿ ನಿಂತು ನೋಡಿ, ಮುಂದೆ ಕೋರ್ಟಿನಲ್ಲಿ ಅದನ್ನೇ ಹೇಳಬೇಕಾದವನು ಪಂಚ. ನನಗೆ ಈ ಉದ್ಯೋಗ ಹೊಸದಲ್ಲ. ಚಾಮರಾಜನಗರದಲ್ಲಿ ನನ್ನ ಸೈಕಲ್ ಷಾಪು ಠಾಣೆಯ ಕೂಗಳತೆಯಲ್ಲಿತ್ತು. ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ, ರುಜು ದುಂಡಗಿತ್ತು; ಕಾಯಂ ಪಂಚನಾದೆ. ನೋಡುವ ಕಷ್ಟವನ್ನೂ ನನಗೆ ಕೊಡುತ್ತಿರಲಿಲ್ಲ. ಠಾಣೆಯಲ್ಲೇ, ಅರಗು ಕರಗುವ ವಾಸನೆಯ ನಡುವೆ ಕೂರಿಸಿ ಟೀ ಕೊಟ್ಟು ರುಜು ಹಾಕಿಸಿಕೊಳ್ಳುತ್ತಿದ್ದರು. ಸರ್ಕಾರ ನಡೆಯುವುದರಲ್ಲಿ ನನ್ನದೂ ಒಂದು ಕೈ ಇದೆಯೆಂದು ಬೀಗುತ್ತಿದ್ದೆ ನೋಡಿ!

ನಮ್ಮ ತಾತನ ಕಾಲದಲ್ಲಿ ತಪ್ಪು ಮಾಡಿದವನನ್ನು ಚಾವಡಿಯಲ್ಲಿ ನಿಲ್ಲಿಸಿ, ಸಾಕ್ಷಿಯ ಕೈಲಿ ದೀಪ ಮುಟ್ಟಿಸಿ ಆಣೆ ಮಾಡಿಸುತ್ತಿದ್ದರಂತೆ. ಅಲ್ಲೂ ಗೆಲ್ಲುತ್ತಿದ್ದುದು ದೊಡ್ಡವರ ಮಾತೇ. ಚಾವಡಿಯನ್ನು ನಾನು ಹೊಗಳಲಾರೆ. ಆದರೆ ಯಾರ ಮನೆಯಲ್ಲಿ ಏನಿದೆ, ಏನಿಲ್ಲ ಎಂಬುದು ಅಲ್ಲಿ ಕೂತವರಿಗಾದರೂ ಗೊತ್ತಿರುತ್ತಿತ್ತು.

ಉಡಿಗಾಲದ ಕೂಲಿಯಾಳು ಸಿದ್ದಯ್ಯನ ಮೇಲೆ ಪಂಪ್‌ಸೆಟ್ ಮೋಟಾರು ಕದ್ದ ಕೇಸಾಗಿತ್ತು. ಕೋರ್ಟಿನಲ್ಲಿ ನಾನು ಗಟ್ಟಿಯಾಗಿ ಹೇಳಿದೆ: "ಅವನ ಮನೆ ಹಿಂದಿನ ಹುಲ್ಲುಮೆದೆಯಿಂದ ಮೋಟಾರು ತೆಗೆದದ್ದನ್ನು ಕಣ್ಣಾರೆ ಕಂಡೆ, ಸ್ವಾಮಿ." ನಿಜವಾಗಿ ನಾನು ಅವನ ಊರಿಗೇ ಹೋಗಿರಲಿಲ್ಲ. ಯಾರೂ ಕೆದಕಿ ಕೇಳಲಿಲ್ಲ. ಸಿದ್ದಯ್ಯನಿಗೆ ಜೈಲಾಯಿತು.

ಕರೆದೊಯ್ಯುವಾಗ ಅವನು ಕೋರ್ಟಿನ ಜಗಲಿಯಲ್ಲಿ ನನ್ನ ಪಕ್ಕ ನಿಂತ. ಬೈಯಲಿಲ್ಲ. "ಅಣ್ಣೋ, ನಮ್ಮನೇಲಿ ದನಾನೇ ಇಲ್ಲ ಕಣಣ್ಣೋ. ಯಾರು ತಿನ್ನಕ್ಕೆ ಮೆದೆ ಒಟ್ಲಿ?" ಎಂದ.

"ನಡೀಲಾ, ಬಾಯ್ಮುಚ್ಕಂಡು," ಎಂದು ಪೇದೆ ಎಳೆದ.

ಅಂದಿನಿಂದ ಯಾರ ಹಿತ್ತಿಲಲ್ಲಿ ಮೆದೆ ಕಂಡರೂ ನನ್ನ ಎದೆ ಹೊಡೆದುಕೊಳ್ಳುತ್ತದೆ. ಬಸ್ಸು ಉಡಿಗಾಲ ದಾಟುವವರೆಗೆ ಕಿಟಕಿಯಿಂದ ಮುಖ ತಿರುಗಿಸಿ ಕೂರುತ್ತೇನೆ. ಸಿದ್ದಯ್ಯ ತೀರಿಹೋದನೆಂದು ತಿಳಿದಾಗ ದುಃಖಕ್ಕಿಂತ ಮೊದಲು ನಿರಾಳವಾಯಿತು. ಅದನ್ನು ನೆನೆದರೆ ಇನ್ನೂ ಹೆದರಿಕೆ.

ಈಗ ಕಾನೂನು ಬದಲಾಗಿದೆ, ಮಾಲು ಹಿಡಿಯುವುದನ್ನು ವಿಡಿಯೊ ಮಾಡಲೇಬೇಕಂತೆ. ಆದರೆ ಮೊಬೈಲಿನ ಮುಂದೆ ನಿಂತವನು ಮತ್ತೆ ನಾನೇ.

"ಯೋಳಿ ತಾತ, ವಿಡಿಯೊ ಓಡ್ತಾ ಅದೆ."

ಖಾಕಿಯ ಮುಂದೆ ಇಲ್ಲವೆನ್ನುವುದು ಈ ವಯಸ್ಸಿನಲ್ಲೂ ನನಗೆ ಸಲೀಸಲ್ಲ. ಬೈಕಿನವನು ನನ್ನ ಬಾಯನ್ನೇ ನೋಡುತ್ತಿದ್ದ.

"ನಾನು ಬರೋವತ್ಗೆ ಗಂಟು ಕಟ್ಟಾಗಿತ್ತು ಕಣಪ್ಪ. ಒಳಗೇನದೆ ಅಂತ ನೋಡ್ಲಿಲ್ಲ."

"ಅಯ್ಯೋ, ಎಲ್ಲ ಕೆಡಿಸ್ಬುಟ್ರಲ್ಲ ತಾತ! ಯಾವತ್ತೂ ಪಂಚ ಆಗೇ ಇಲ್ವಾ ನೀವು?"

ಮೊಬೈಲ್ ಇನ್ನೂ ನನ್ನ ಮುಖಕ್ಕೇ ನೆಟ್ಟಿತ್ತು.

"ಆಗಿದ್ದೆ. ಆಗ್ಲೂ ನೋಡಿರ್ನಿಲ್ಲ," ಎಂದೆ. "ಉಡಿಗಾಲದ ಸಿದ್ದಯ್ಯ ಅಂತ. ಅವನ ಮನೇಲಿ ದನ ಇರ್ನಿಲ್ಲ."